ಕುಣಿತ ಬಿಡಿ, ಬಾಗಿಲು ಎಣಿಸಿ

ಬೆಂಗಳೂರಿನಲ್ಲಿ ಜನ ಕುಣಿಯುವ ಜಾಗ ನಡೆಸಬೇಕಾದರೆ ಪೊಲೀಸ್ ಕಮಿಷನರ್ ಕಚೇರಿಯ ಲೈಸೆನ್ಸ್ ಬೇಕು. ಊಟಕ್ಕೆ, ಕುಡಿತಕ್ಕೆ ಪಾಲಿಕೆ ಮತ್ತು ಅಬಕಾರಿ ಇಲಾಖೆಯ ಕಾಗದಗಳು ಹೇಗೂ ಇರುತ್ತವೆ. ಅದರ ಮೇಲೆ ಕುಣಿತಕ್ಕೆ ಅಂತಲೇ ಬೇರೆ ಕಾಗದ. ಅದಿಲ್ಲದ ಪಬ್ಬಿನಲ್ಲಿ ನೀವು ಎರಡು ಬಿಯರ್ ಇಳಿಸಿ, ಇಷ್ಟದ ಹಾಡು ಬಂತು ಅಂತ ಎದ್ದು ನಿಂತು ಸೊಂಟ ಅಲ್ಲಾಡಿಸಿದರೆ ಬೌನ್ಸರ್ ಬರುತ್ತಾನೆ. "ಸರ್, ಡ್ಯಾನ್ಸ್ ಮಾಡಂಗಿಲ್ಲ ಸರ್, ಕೂತ್ಕೊಳಿ." ಈ ಮಾತು ಕೇಳದವರು ನಮ್ಮ ಪೈಕಿ ಕಡಿಮೆ.

ಈಗ ನೆನಪು ಮಾಡಿಕೊಂಡು ಹೇಳಿ. ಅದೇ ಬೌನ್ಸರ್ ಯಾವತ್ತಾದರೂ ಬಾಗಿಲಲ್ಲಿ ನಿಲ್ಲಿಸಿ, "ಒಳಗೆ ಆಗ್ಲೇ ಇನ್ನೂರು ಜನ ಇದಾರೆ, ಈ ಫ್ಲೋರಿಗೆ ಅಷ್ಟೇ ಲೆಕ್ಕ, ಒಬ್ಬರು ಹೊರಗೆ ಬಂದ್ರೆ ನಿಮ್ಮನ್ನ ಬಿಡ್ತೀನಿ" ಅಂದಿದ್ದಾನಾ? ಟೇಬಲ್ ಇಲ್ಲ ಅಂತ ನಿಲ್ಲಿಸಿರಬಹುದು, ಸ್ಟ್ಯಾಗ್ ಎಂಟ್ರಿ ಇಲ್ಲ ಅಂತ ನಿಲ್ಲಿಸಿರಬಹುದು, ಚಪ್ಪಲಿ ಹಾಕಿದ್ದೀರಿ ಅಂತ ನಿಲ್ಲಿಸಿರಬಹುದು. ಜನದ ಲೆಕ್ಕಕ್ಕೆ ನಿಲ್ಲಿಸಿದ್ದು ನನಗಂತೂ ನೆನಪಿಲ್ಲ. ಇಷ್ಟು ಜನಕ್ಕೆ ಮಾತ್ರ ಅನುಮತಿ ಅಂತ ಬಾಗಿಲ ಮೇಲೆ ಬರೆದದ್ದನ್ನೂ ನಾನು ನೋಡಿಲ್ಲ.

ನನ್ನ ತಕರಾರು ಇಷ್ಟೇ. ಕುಣಿಯುವ ಜಾಗಕ್ಕೆ ಕಟ್ಟುನಿಟ್ಟಾದ ನಿಯಮ ಬೇಕು, ಈಗಿರುವುದಕ್ಕಿಂತ ಜಾಸ್ತಿ ಕಟ್ಟುನಿಟ್ಟಾಗಿರಬೇಕು. ಆದರೆ ನಮ್ಮ ಸರ್ಕಾರ ತಪ್ಪು ಪ್ರಶ್ನೆ ಕೇಳುತ್ತಾ ಕೂತಿದೆ. "ಇಲ್ಲಿ ಕುಣೀತಾರಾ?" ಅಂತ ಕೇಳೋದು ಬಿಟ್ಟು, "ಇಲ್ಲಿಂದ ಎಲ್ಲರೂ ಎಷ್ಟು ನಿಮಿಷದಲ್ಲಿ ಹೊರಗೆ ಬರ್ತಾರೆ?" ಅಂತ ಕೇಳಬೇಕು. ಮೊದಲನೇ ಪ್ರಶ್ನೆ ಕೇಳುತ್ತಾ ಹೋದಷ್ಟೂ ಎರಡನೆಯದಕ್ಕೆ ಉತ್ತರ ಸಿಗದಂತೆ ಆಗಿಬಿಟ್ಟಿದೆ. ಹೇಗೆ ಅಂತ ಹೇಳ್ತೀನಿ.

ಮೊದಲು ಸ್ವಲ್ಪ ಇತಿಹಾಸ. ಕರ್ನಾಟಕ ಪೊಲೀಸ್ ಕಾಯ್ದೆ 1963ರದ್ದು. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಲೈಸೆನ್ಸ್ ಕೊಡುವ, ನಿಯಂತ್ರಿಸುವ ಅಧಿಕಾರವನ್ನು ಅದು ಪೊಲೀಸರಿಗೆ ಕೊಡುತ್ತದೆ. ಆ ಅಧಿಕಾರ ಬಳಸಿ 2005ರಲ್ಲಿ ಬೆಂಗಳೂರು ನಗರಕ್ಕೆ ಅಂತ ಒಂದು ಆದೇಶ ಬಂತು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊತೆಕ್ ಎಲ್ಲವೂ ಅದರ ಕೆಳಗೆ. ಆಗಿನ ಗಲಾಟೆ ಇದ್ದದ್ದು ಲೈವ್ ಬ್ಯಾಂಡ್ ರೆಸ್ಟೋರೆಂಟುಗಳ ಬಗ್ಗೆ, ಅಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಬಗ್ಗೆ. ಆದರೆ ಬಲೆ ಅಗಲವಾಗಿ ಬೀಸಿದ್ದರಿಂದ ಗಿಟಾರ್ ಹಿಡಿದು ಹಾಡುವ ಹುಡುಗನೂ, ಶನಿವಾರ ರಾತ್ರಿ ಕುಣಿಯುವ ನೀವೂ ನಾನೂ ಒಳಗೆ ಬಿದ್ದೆವು. 2008ರ ಹೊತ್ತಿಗೆ ಪೊಲೀಸರು ಪಬ್ಬುಗಳಲ್ಲಿ ಕುಣಿತ ನಿಲ್ಲಿಸಿದರು, ಲೈವ್ ಸಂಗೀತವೂ ನಿಂತಿತು, ಸಂಗೀತಗಾರರು ಬೀದಿಗೆ ಬಂದು ಪ್ರತಿಭಟಿಸಿದರು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 2018ರ ಜನವರಿಯಲ್ಲಿ ಆದೇಶ ಊರ್ಜಿತವಾಯಿತು. ಆ ವರ್ಷವೇ ಇಂದಿರಾನಗರ, ಕೋರಮಂಗಲದ ಎಷ್ಟೋ ಜಾಗಗಳಲ್ಲಿ ಮತ್ತೆ ಸಂಗೀತ ಬಂದ್ ಆಯಿತು. ಲೈಸೆನ್ಸ್ ತಗೊಳ್ಳಿ ಅಂದರೆ ಅವರ ಕೈಯಲ್ಲಿ ತಗೊಳ್ಳೋಕೆ ಆಗುವ ಹಾಗಿರಲಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

"ಕುಣಿದರೆ ಏನು ತಪ್ಪು, ಲೈಸೆನ್ಸ್ ಯಾಕೆ ಬೇಕು?" ಅಂತ ಕೇಳುವ ಗೆಳೆಯರಿಗೆ ಒಂದು ಮಾತು. ಕುಣಿಯುವ ಜಾಗ ಊಟದ ಜಾಗಕ್ಕಿಂತ ಬೇರೆ ರೀತಿಯದ್ದು, ಇದು ಲೆಕ್ಕದ ವಿಷಯ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ, ಅಂದರೆ ಎನ್‌ಬಿಸಿಯಲ್ಲಿ, ಅದರ 2005ರ ಆವೃತ್ತಿಯಲ್ಲಿ, ಒಂದು ಕೋಷ್ಟಕ ಇತ್ತು. ಯಾವ ಬಗೆಯ ಜಾಗದಲ್ಲಿ ಒಬ್ಬ ಮನುಷ್ಯನಿಗೆ ಎಷ್ಟು ನೆಲ ಅಂತ ಎಣಿಸಬೇಕು ಎನ್ನುವ ಕೋಷ್ಟಕ. ಊಟದ ಕೋಣೆಗೆ ಒಬ್ಬರಿಗೆ 1.5 ಚದರ ಮೀಟರ್. ಡ್ಯಾನ್ಸ್ ಫ್ಲೋರಿಗೆ 0.6 ಚದರ ಮೀಟರ್.

ಈಗ 150 ಚದರ ಮೀಟರಿನ ಒಂದು ಹಾಲ್ ತಗೊಳ್ಳಿ, ಹತ್ತಿರ ಹತ್ತಿರ 1600 ಚದರ ಅಡಿ. ಟೇಬಲ್ ಹಾಕಿದರೆ 100 ಜನ. ಟೇಬಲ್ ಎತ್ತಿ ಪಕ್ಕಕ್ಕಿಟ್ಟು ಡಿಜೆ ಕರೆಸಿದರೆ 250 ಜನ. ಗೋಡೆ ಅದೇ, ಮೆಟ್ಟಿಲು ಅದೇ, ಬಾಗಿಲು ಅದೇ. ಎನ್‌ಬಿಸಿಯ 2016ರ ಆವೃತ್ತಿ ಪ್ರಕಾರ ಮೆಟ್ಟಿಲಿನ ಅಗಲ ಒಬ್ಬರಿಗೆ 10 ಮಿಲಿಮೀಟರ್ ಲೆಕ್ಕದಲ್ಲಿ ಇರಬೇಕು. 100 ಜನಕ್ಕೆ ಒಂದು ಮೀಟರ್, 250 ಜನಕ್ಕೆ ಎರಡೂವರೆ ಮೀಟರ್. ಅದೂ ಒಂದೇ ಕಡೆ ಅಲ್ಲ, ಬೇರೆ ಬೇರೆ ದಿಕ್ಕಿನ ದಾರಿಗಳಲ್ಲಿ ಹಂಚಿರಬೇಕು. ನೀವು ಕಳೆದ ಶನಿವಾರ ಹತ್ತಿದ ಮೆಟ್ಟಿಲು ಎಷ್ಟು ಅಗಲ ಇತ್ತು? ಎದುರಿಂದ ಒಬ್ಬರು ಇಳಿದು ಬಂದರೆ ಭುಜ ತಿರುಗಿಸಿ ಜಾಗ ಬಿಡಬೇಕಿತ್ತಾ?

ಇದರ ಜತೆಗೆ ಕತ್ತಲೆ ಇದೆ, ಎದೆಗೆ ಹೊಡೆಯುವ ಬೇಸ್ ಇದೆ, ಕುಡಿದವರಿದ್ದಾರೆ. ಊಟದ ಹೋಟೆಲಿನಲ್ಲಿ ಹೊಗೆ ಕಂಡರೆ ಒಬ್ಬ ಕೂಗಿದರೆ ಎಲ್ಲರಿಗೂ ಕೇಳುತ್ತದೆ. ಡ್ಯಾನ್ಸ್ ಫ್ಲೋರಿನಲ್ಲಿ ಕೂಗಿದರೆ ಹಾಡಿನ ಜತೆ ಕೂಗುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಕಟ್ಟಡದ ನಿಯಮಗಳು ಡ್ಯಾನ್ಸ್ ಹಾಲನ್ನು ಸಿನಿಮಾ ಥಿಯೇಟರ್, ಸಭಾಭವನಗಳ ಸಾಲಿನಲ್ಲಿ ಇಡೋದು ಈ ಕಾರಣಕ್ಕೆ. ಅದಕ್ಕೂ ನೈತಿಕತೆಗೂ ಸಂಬಂಧ ಇಲ್ಲ. ಭರತನಾಟ್ಯ ಆದರೂ ಅಷ್ಟೇ, ಬಾಲಿವುಡ್ ನೈಟ್ ಆದರೂ ಅಷ್ಟೇ, ಗಾರ್ಬಾ ಆದರೂ ಅಷ್ಟೇ.

ಈ ಲೆಕ್ಕ ತಪ್ಪಿದಾಗ ಏನಾಗುತ್ತದೆ ಅಂತ ಜಗತ್ತು ಮತ್ತೆ ಮತ್ತೆ ನೋಡಿದೆ. 1942ರ ನವೆಂಬರ್ 28ರಂದು ಅಮೆರಿಕದ ಬಾಸ್ಟನ್‌ನ ಕೋಕೋನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿಗೆ ಬೆಂಕಿ ಬಿತ್ತು. 492 ಜನ ಸತ್ತರು. ಮುಖ್ಯ ಬಾಗಿಲು ಸುತ್ತುವ ಬಾಗಿಲು, ಎರಡೂ ಕಡೆಯಿಂದ ಜನ ತಳ್ಳಿ ಅದು ಸಿಕ್ಕಿಹಾಕಿಕೊಂಡಿತು. ಬೇರೆ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ, ಕೆಲವು ಒಳಕ್ಕೆ ತೆರೆಯುವಂಥವು. 2013ರ ಜನವರಿ 27ರಂದು ಬ್ರೆಜಿಲ್‌ನ ಸಾಂಟಾ ಮರಿಯಾ ಊರಿನ ಕಿಸ್ ಕ್ಲಬ್ಬಿನಲ್ಲಿ ಸ್ಟೇಜಿನ ಪಟಾಕಿಯ ಕಿಡಿ ಚಾವಣಿಯ ಫೋಮಿಗೆ ತಗುಲಿ 242 ಜನ ಹೋದರು. ಹೊರಗೆ ಬರುವ ದಾರಿ ಒಂದೇ. ಅಲ್ಲಿಯೂ ಮೊದಲ ಕ್ಷಣಗಳಲ್ಲಿ, ಬಿಲ್ ಕೊಡದೆ ಓಡುತ್ತಿದ್ದಾರೆ ಅಂದುಕೊಂಡು ಕಾವಲಿನವರು ಜನರನ್ನು ತಡೆದರು. ಬಹಳ ಜನ ಟಾಯ್ಲೆಟ್ಟನ್ನೇ ಹೊರದಾರಿ ಅಂದುಕೊಂಡು ಅಲ್ಲಿ ಸೇರಿ ಸತ್ತರು.

ದೂರದ ಮಾತು ಬೇಡ ಅಂದ್ರೆ ಮುಂಬೈಗೆ ಬನ್ನಿ. 2017ರ ಡಿಸೆಂಬರ್ 29, ಮಧ್ಯರಾತ್ರಿ ಕಳೆದಿತ್ತು, ಕಮಲಾ ಮಿಲ್ಸ್ ಆವರಣದ ರೂಫ್‌ಟಾಪ್ ಪಬ್ಬು. 14 ಜನ ಸತ್ತರು. ಅಲ್ಲೂ ಎಷ್ಟೋ ಮಂದಿ ಸಿಕ್ಕಿದ್ದು ಟಾಯ್ಲೆಟ್ಟಿನಲ್ಲಿ, ಉಸಿರು ಕಟ್ಟಿ. ಹತ್ತು ದಿನ ಕಳೆದು, 2018ರ ಜನವರಿ 8ರಂದು ನಮ್ಮದೇ ಕೆ.ಆರ್. ಮಾರ್ಕೆಟ್ ಹತ್ತಿರ, ಕುಂಬಾರ ಸಂಘದ ಕಟ್ಟಡದಲ್ಲಿದ್ದ ಬಾರಿಗೆ ಬೆಂಕಿ ಬಿತ್ತು. ಬಾಗಿಲು ಹಾಕಿ ಒಳಗೆ ಮಲಗಿದ್ದ ಐದು ಜನ ಕೆಲಸಗಾರರು ಸತ್ತರು. 2025ರ ಡಿಸೆಂಬರ್ 6ರ ರಾತ್ರಿ ಗೋವಾದ ಅರ್ಪೋರಾದ ನೈಟ್‌ಕ್ಲಬ್ಬಿನಲ್ಲಿ 25 ಜನ ಸತ್ತರು. ಅವರಲ್ಲಿ ಬಹುಪಾಲು ಅಲ್ಲಿ ದುಡಿಯುತ್ತಿದ್ದವರು.

ಈ ಕೊನೆಯ ವಿಷಯ ಸ್ವಲ್ಪ ನಿಧಾನವಾಗಿ ಓದಿ. ನೈಟ್‌ಲೈಫ್ ಅಂದ ಕೂಡಲೇ ನಮ್ಮ ಚರ್ಚೆ ನಮ್ಮ ಸುತ್ತಲೇ ಸುತ್ತುತ್ತದೆ: ನಮ್ಮ ಸ್ವಾತಂತ್ರ್ಯ, ನಮ್ಮ ವೀಕೆಂಡ್, ರಾತ್ರಿ ಒಂದು ಗಂಟೆ ಸಾಕಾ ಸಾಲದಾ. ನಾವು ವಾರಕ್ಕೆ ಮೂರು ತಾಸು ಅಲ್ಲಿ ಇರ್ತೀವಿ. ಅಡುಗೆಮನೆಯಲ್ಲಿ, ನೆಲಮಾಳಿಗೆಯಲ್ಲಿ, ಸ್ಟೋರ್ ರೂಮಿನಲ್ಲಿ ವಾರಕ್ಕೆ ಆರು ದಿನ ಇರೋದು ಅಸ್ಸಾಂ, ಮಣಿಪುರ, ಒಡಿಶಾ, ನೇಪಾಳ, ನಮ್ಮ ಉತ್ತರ ಕರ್ನಾಟಕದಿಂದ ಬಂದ ಹುಡುಗ ಹುಡುಗಿಯರು. ಎರಡನೇ ಬಾಗಿಲು ಇಲ್ಲದಿದ್ದರೆ ಮೊದಲು ಸಾಯೋದು ಅವರು. ನಮ್ಮ ಕುಣಿತದ ಲೈಸೆನ್ಸು ಅವರ ಬಗ್ಗೆ ಯೋಚನೆ ಮಾಡಿದ್ದು ಕಡಿಮೆ.

ಸರಿ, ಹಾಗಾದರೆ ಲೈಸೆನ್ಸ್ ಕೇಳೋದು ಒಳ್ಳೇದೇ ಅಲ್ವಾ? ಅದರಲ್ಲಿ ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಕೇಳ್ತಾರೆ, ಕಟ್ಟಡದ ಓಸಿ ಕೇಳ್ತಾರೆ. ಕಾಗದದ ಮೇಲೆ ನಿಜ. ಈಗ ಆ ಓಸಿಯ ಕಥೆ ಕೇಳಿ.

ಓಸಿ, ಅಂದರೆ ಸ್ವಾಧೀನಾನುಭವ ಪತ್ರ. ಮಂಜೂರಾದ ನಕ್ಷೆಯ ಪ್ರಕಾರವೇ ಕಟ್ಟಿದ್ದೀರಿ, ಒಳಗೆ ಹೋಗಿ ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ. ಫ್ಲ್ಯಾಟ್ ಕೊಳ್ಳಲು ಹೊರಟ ಪ್ರತಿಯೊಬ್ಬ ಸಾಫ್ಟ್‌ವೇರ್ ಇಂಜಿನಿಯರಿಗೂ ಈ ಪದ ನಿದ್ದೆಯಲ್ಲೂ ಗೊತ್ತು. ಬೆಂಗಳೂರಿನಲ್ಲಿ ಓಸಿ ಇರುವ ಕಟ್ಟಡ ಎಷ್ಟು ಅಪರೂಪ ಅನ್ನೋದೂ ಗೊತ್ತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬೇಡಿ ಅಂದಿತು. ಮರುವರ್ಷ ಈ ಊರಿನಲ್ಲಿ ಎಷ್ಟು ಹಾಹಾಕಾರ ಎದ್ದಿತು ಅಂದರೆ, ಸರ್ಕಾರ ಸಣ್ಣ ಸೈಟುಗಳಿಗೆ ವಿನಾಯಿತಿ ಕೊಡಬೇಕಾಯಿತು. ಅದಕ್ಕೂ ಮುಂಚೆ ಅಕ್ರಮ-ಸಕ್ರಮ ಅಂತ ಒಂದು ಯೋಜನೆ ಇತ್ತು, ದಂಡ ಕಟ್ಟಿ ಸರಿಮಾಡಿಕೊಳ್ಳಿ ಅಂತ. ಅದಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅಂದರೆ ಅರ್ಧ ಊರು ಅಕ್ರಮ, ಸಕ್ರಮದ ದಾರಿಯೂ ಮುಚ್ಚಿದೆ.

ಇಂಥ ಊರಿನಲ್ಲಿ ನೀವು ಪಬ್ ತೆಗೀತೀರಿ ಅಂದುಕೊಳ್ಳಿ. ಮೂರನೇ ಮಹಡಿ ಬಾಡಿಗೆಗೆ ಹಿಡಿದಿದ್ದೀರಿ. ಕಟ್ಟಡದ ಮಾಲೀಕರು ಇಪ್ಪತ್ತು ವರ್ಷದ ಹಿಂದೆ ಪಕ್ಕದ ಸೆಟ್‌ಬ್ಯಾಕ್ ಎರಡು ಅಡಿ ನುಂಗಿದ್ದಾರೆ, ಮೇಲೊಂದು ಮಹಡಿ ಜಾಸ್ತಿ ಏರಿಸಿದ್ದಾರೆ. ಓಸಿ ಬರೋದಿಲ್ಲ, ಬರೋಕೆ ಸಾಧ್ಯವೂ ಇಲ್ಲ. ಬಾಡಿಗೆದಾರರಾದ ನಿಮ್ಮ ಕೈಯಲ್ಲಿ ಅದನ್ನು ಸರಿಮಾಡುವ ಅಧಿಕಾರ ಇಲ್ಲ. ಓಸಿ ಇಲ್ಲದೆ ಕುಣಿತದ ಲೈಸೆನ್ಸ್ ಇಲ್ಲ. ಈಗ ನಿಮ್ಮ ಮುಂದೆ ಎರಡೇ ದಾರಿ. ಒಂದು, ಬರೀ ರೆಸ್ಟೋರೆಂಟ್ ಆಗಿ ಉಳಿಯೋದು, ಪಕ್ಕದವನು ಡಿಜೆ ಹಾಕಿ ನಿಮ್ಮ ಗಿರಾಕಿಗಳನ್ನೆಲ್ಲ ಎಳಕೊಳ್ಳೋದನ್ನ ನೋಡ್ತಾ ಕೂರೋದು. ಇನ್ನೊಂದು, ಕಾಗದದಲ್ಲಿ ರೆಸ್ಟೋರೆಂಟ್, ರಾತ್ರಿ ಒಂಬತ್ತರ ಮೇಲೆ ಡ್ಯಾನ್ಸ್ ಫ್ಲೋರ್. ಮಿಕ್ಕಿದ್ದನ್ನು "ಅಡ್ಜಸ್ಟ್" ಮಾಡಿಕೊಳ್ಳೋದು. ಎರಡನೇ ದಾರಿ ಹಿಡಿದವರು ಏನು ಕೊಡ್ತಾರೆ, ಯಾರಿಗೆ ಕೊಡ್ತಾರೆ, ಅದನ್ನ ಈ ಊರಲ್ಲಿ ವಿವರಿಸಿ ಹೇಳಬೇಕಾ?

ಇದರ ಫಲ ಏನಾಯಿತು ನೋಡಿ. ಕಾಗದದಲ್ಲಿ ಆ ಹಾಲ್ ಊಟದ ಕೋಣೆ. ಆದ್ದರಿಂದ ಯಾರಾದರೂ ಲೆಕ್ಕ ಹಾಕಿದ್ದರೂ 100 ಜನದ ಲೆಕ್ಕ ಹಾಕಿರುತ್ತಾರೆ. ರಾತ್ರಿ ಅಲ್ಲಿ ನಿಂತಿರೋದು 250 ಜನ. ಕುಣಿತ ಅಧಿಕೃತವಾಗಿ ನಡೆಯುತ್ತಲೇ ಇಲ್ಲವಾದ್ದರಿಂದ, ಕುಣಿಯುವವರಿಗೆ ಬೇಕಾದ ಎರಡನೇ ಮೆಟ್ಟಿಲನ್ನು ಯಾರೂ ಕೇಳುವಂತೆಯೇ ಇಲ್ಲ. ಮಾಲೀಕರು ತಾವಾಗಿಯೇ ಅಗ್ನಿಶಾಮಕದವರನ್ನು ಕರೆದು "ನಮ್ಮಲ್ಲಿ ಶನಿವಾರ ಇಷ್ಟು ಜನ ಸೇರ್ತಾರೆ, ಏನು ಮಾಡಬೇಕು ಹೇಳಿ" ಅಂತ ಕೇಳಿದರೆ, ತಪ್ಪೊಪ್ಪಿಗೆ ಬರೆದುಕೊಟ್ಟ ಹಾಗೆ. ಇನ್ನು ದಾಳಿಗೆ ಬಂದವರು ನೋಡೋದು ಯಾರಾದರೂ ಕುಣಿಯುತ್ತಿದ್ದಾರಾ ಅಂತ. ಹಾಡು ನಿಂತು, ದೀಪ ಹತ್ತಿ, ಎಲ್ಲರೂ ಕೂತುಬಿಟ್ಟರೆ ತಪ್ಪು ಮುಗಿಯಿತು. ಆದರೆ ಆ 250 ಜನ ಕೂತರೂ 250 ಜನವೇ.

ಕೋರಮಂಗಲದ ಒಂದು ಜಾಗದಲ್ಲಿ ನಾನೇ ನೋಡಿದ್ದು ಹೇಳ್ತೀನಿ. ಟಾಯ್ಲೆಟ್ ಪಕ್ಕದಲ್ಲಿ ಹಸಿರು ದೀಪದ "ಎಕ್ಸಿಟ್" ಬೋರ್ಡು ಚೆನ್ನಾಗಿ ಹೊಳೀತಾ ಇತ್ತು. ಅದರ ಕೆಳಗಿನ ಬಾಗಿಲಿಗೆ ಒತ್ತಿಕೊಂಡು ಖಾಲಿ ಬಿಯರ್ ಕ್ರೇಟುಗಳು, ಆಳೆತ್ತರ. ವೇಟರ್ ಹುಡುಗನ್ನ ಕೇಳಿದೆ. "ಅದು ತೆಗೆಯಲ್ಲ ಸರ್, ಹಿಂದೆ ಗೋಡೆ ಇದೆ" ಅಂದ. ಬೋರ್ಡು ಇನ್‌ಸ್ಪೆಕ್ಷನ್ನಿಗೆ, ಕ್ರೇಟು ವ್ಯಾಪಾರಕ್ಕೆ. ಅಲ್ಲೇ ಬಾರ್ ಕೌಂಟರ್ ಮೇಲೆ ದೊಡ್ಡದಾಗಿ ಬರೆದಿತ್ತು, ಇಲ್ಲಿ ನೃತ್ಯಕ್ಕೆ ಅನುಮತಿ ಇಲ್ಲ ಅಂತ.

ಪ್ರತಿ ಬೆಂಕಿಯ ಬಳಿಕ ಒಂದು ಡ್ರೈವ್ ನಡೆಯುತ್ತದೆ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ಹೊತ್ತಿಕೊಂಡು 9 ಜನ ಸತ್ತರು. ಅದು ಪಬ್ಬಲ್ಲ, ಆಫೀಸುಗಳಿದ್ದ ಕಟ್ಟಡ. ಮೆಟ್ಟಿಲ ದಾರಿ ಮುಚ್ಚಿತ್ತು, ಹೊಗೆ ತುಂಬಿ ಜನ ಕಿಟಕಿಯಿಂದ ಹಾರಿದರು. ಆಗ ಡ್ರೈವ್ ನಡೆಯಿತು. ಕಮಲಾ ಮಿಲ್ಸ್ ಆದಮೇಲೆ ರೂಫ್‌ಟಾಪ್‌ಗಳ ಡ್ರೈವ್. 2023ರ ಅಕ್ಟೋಬರ್ 18ರಂದು ತಾವರೆಕೆರೆ ಮುಖ್ಯರಸ್ತೆಯ ಕಟ್ಟಡದ ಮೇಲಿನ ಕೆಫೆ ಹೊತ್ತಿ ಉರಿದು, ಒಬ್ಬ ಮೇಲಿಂದ ಹಾರಿದ ವಿಡಿಯೋ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಮತ್ತೆ ಡ್ರೈವ್. ನೋಟಿಸು, ಬೀಗಮುದ್ರೆ, ಫೋಟೋ. ಎರಡು ತಿಂಗಳಿಗೆ ಎಲ್ಲ ಮಾಮೂಲು. ಈ ಮಾಮೂಲು ಪದಕ್ಕೆ ನಮ್ಮಲ್ಲಿ ಎರಡು ಅರ್ಥ ಇರೋದು ಸುಮ್ಮನೆ ಅಲ್ಲ.

ಕುಣಿತವನ್ನೇ ಗುರಿ ಮಾಡಿದ ಕಾನೂನು ಜೀವ ಉಳಿಸುತ್ತದೆ ಅನ್ನುವವರಿಗೆ ನ್ಯೂಯಾರ್ಕ್ ಉದಾಹರಣೆ ಇದೆ. ಅಲ್ಲಿ 1926ರಿಂದ ಕ್ಯಾಬರೆ ಕಾನೂನು ಇತ್ತು, ಕುಣಿಯುವ ಜಾಗಕ್ಕೆ ವಿಶೇಷ ಲೈಸೆನ್ಸ್. ಹಾರ್ಲೆಮ್‌ನ ಕಪ್ಪು ಜನರ ಜಾಝ್ ಕ್ಲಬ್ಬುಗಳ ಮೇಲೆ ಅದನ್ನು ಚೆನ್ನಾಗಿಯೇ ಪ್ರಯೋಗಿಸಿದರು. ಅದೇ ಊರಿನ ಬ್ರಾಂಕ್ಸ್‌ನಲ್ಲಿ 1990ರ ಮಾರ್ಚ್ 25ರಂದು ಹ್ಯಾಪಿ ಲ್ಯಾಂಡ್ ಎಂಬ ಕ್ಲಬ್ಬಿಗೆ ಒಬ್ಬ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ, 87 ಜನ ಸತ್ತರು. ಹೊರದಾರಿ ಇಲ್ಲ, ಸ್ಪ್ರಿಂಕ್ಲರ್ ಇಲ್ಲ ಅಂತ 1988ರಲ್ಲೇ ಮುಚ್ಚಲು ಆದೇಶ ಆಗಿತ್ತು. ಮುಚ್ಚಿರಲಿಲ್ಲ. ಕುಣಿತದ ಲೈಸೆನ್ಸಿನ ಕಾನೂನು ಜಾರಿಯಲ್ಲಿದ್ದದ್ದು ಆ 87 ಜನಕ್ಕೆ ಏನೂ ಉಪಯೋಗಕ್ಕೆ ಬರಲಿಲ್ಲ. 2017ರಲ್ಲಿ ನ್ಯೂಯಾರ್ಕ್ ಆ ಕಾನೂನನ್ನು ರದ್ದು ಮಾಡಿತು. ಬೆಂಕಿ ಮತ್ತು ಕಟ್ಟಡದ ನಿಯಮಗಳನ್ನು ಹಾಗೇ ಉಳಿಸಿಕೊಂಡಿತು.

ಜಪಾನಿನದ್ದು ಇನ್ನೂ ತಮಾಷೆ. 1948ರ ಒಂದು ಕಾನೂನಿನ ಪ್ರಕಾರ ಗಿರಾಕಿಗಳನ್ನು ಕುಣಿಸಲು ಲೈಸೆನ್ಸ್ ಬೇಕು, ಲೈಸೆನ್ಸ್ ಇದ್ದರೂ ಮಧ್ಯರಾತ್ರಿಯ ಮೇಲೆ ಕುಣಿಯುವಂತಿಲ್ಲ. ದಶಕಗಳ ಕಾಲ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. 2010ರ ಆಸುಪಾಸಿನಲ್ಲಿ ಪೊಲೀಸರು ಒಸಾಕಾದಲ್ಲಿ ದಾಳಿ ಶುರು ಮಾಡಿದ ಮೇಲೆ ಕ್ಲಬ್ಬುಗಳಲ್ಲಿ ನಮ್ಮಂಥದ್ದೇ "ಕುಣಿಯಬೇಡಿ" ಬೋರ್ಡುಗಳು ಬಂದವು. ಒಸಾಕಾದ ನೂನ್ ಎಂಬ ಕ್ಲಬ್ಬಿನ ಕೇಸಿನಲ್ಲಿ ಮಾಲೀಕರು ನಿರ್ದೋಷಿ ಅಂತ ತೀರ್ಪಾಯಿತು. ಜನ ಸಹಿ ಸಂಗ್ರಹ ಮಾಡಿದರು. 2015ರಲ್ಲಿ ಕಾನೂನು ತಿದ್ದುಪಡಿಯಾಗಿ 2016ರ ಜೂನ್‌ನಿಂದ ಜಾರಿಗೆ ಬಂತು. ಕುಣಿತದ ಮೇಲಿನ ಹಿಡಿತ ಹೋಗಿ, ಬೆಳಕು 10 ಲಕ್ಸ್‌ಗಿಂತ ಜಾಸ್ತಿ ಇರಬೇಕು ಎಂಬಂಥ ಅಳೆಯಬಹುದಾದ ನಿಯಮ ಬಂತು. ಸ್ವೀಡನ್ ಕೂಡ ತನ್ನ ನೃತ್ಯ ಪರವಾನಗಿಯನ್ನು 2023ರ ಜುಲೈ 1ರಿಂದ ಕೈಬಿಟ್ಟಿತು. ಈ ದೇಶಗಳೇನು ಬೆಂಕಿಯ ಭಯ ಬಿಟ್ಟಿಲ್ಲ. ಕುಣಿತವನ್ನು ಹಿಡಿಯೋದರಿಂದ ಬೆಂಕಿ ನಿಲ್ಲೋದಿಲ್ಲ ಅಂತ ಅರ್ಥ ಮಾಡಿಕೊಂಡಿವೆ, ಅಷ್ಟೇ.

ನಮ್ಮ ದೇಶದಲ್ಲಿ ಈ ಗೊಂದಲದ ಪರಾಕಾಷ್ಠೆ ನೋಡಬೇಕಾದರೆ ಮಹಾರಾಷ್ಟ್ರದ ಡ್ಯಾನ್ಸ್ ಬಾರ್ ಕೇಸು ನೋಡಿ. 2005ರಲ್ಲಿ ನಿಷೇಧ, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಷೇಧ ಬಿತ್ತು, 2016ರಲ್ಲಿ ಹೊಸ ಕಾನೂನು. ಆ ನಿಯಮಗಳಲ್ಲಿ ಸಿಸಿಟಿವಿ ಕ್ಯಾಮೆರಾ ಇತ್ತು, ಬಾರಿಗೂ ಡ್ಯಾನ್ಸ್ ಫ್ಲೋರಿಗೂ ನಡುವೆ ಗೋಡೆ ಇತ್ತು, ಶಾಲೆ ಮತ್ತು ದೇವಸ್ಥಾನದಿಂದ ಒಂದು ಕಿಲೋಮೀಟರ್ ದೂರ ಇತ್ತು. 2019ರ ಜನವರಿಯಲ್ಲಿ ಕೋರ್ಟು ಇವನ್ನೆಲ್ಲ ಹೊಡೆದುಹಾಕಿತು. ಸರ್ಕಾರ ಹದಿನಾಲ್ಕು ವರ್ಷ ವಕೀಲರಿಗೆ ದುಡ್ಡು ಸುರಿದು ಕುಣಿಯುವ ಹೆಣ್ಣಿಗೂ ನೋಡುವ ಗಂಡಿಗೂ ನಡುವಿನ ಅಂತರ ಅಳೆಯಿತು. ಆ ಅವಧಿಯಲ್ಲೇ, ಅದೇ ಮುಂಬೈನಲ್ಲಿ, ಕಮಲಾ ಮಿಲ್ಸ್ ಹೊತ್ತಿ ಉರಿಯಿತು.

ಇನ್ನು ಅಕ್ಕಪಕ್ಕದ ಮನೆಯವರ ಮಾತು. ಇದನ್ನು ನಾನು ತಳ್ಳಿಹಾಕೋದಿಲ್ಲ. ಇಂದಿರಾನಗರದಲ್ಲಿ ನಲವತ್ತು ವರ್ಷದಿಂದ ಇರುವ ಅಜ್ಜಿಗೆ ರಾತ್ರಿ ಹನ್ನೆರಡಕ್ಕೆ ಕಿಟಕಿ ಗಾಜು ನಡುಗಿದರೆ, ಅದು ಸಂಸ್ಕೃತಿಯ ಪ್ರಶ್ನೆ ಅಲ್ಲ, ನಿದ್ದೆಯ ಪ್ರಶ್ನೆ. ಅದಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಅಳೆಯೋದಕ್ಕೆ ಮೀಟರ್ ಇದೆ. ಅಳೆದು ದಂಡ ಹಾಕಿ, ಮತ್ತೆ ಮಾಡಿದರೆ ಮುಚ್ಚಿಸಿ, ನಾನೇ ಬಂದು ಸಾಕ್ಷಿ ಹೇಳ್ತೀನಿ. ಆದರೆ ಅಜ್ಜಿಯ ನಿದ್ದೆ ಕೆಡಿಸೋದು ಸ್ಪೀಕರ್. ಸ್ಪೀಕರ್ ಮುಂದೆ ಜನ ಕೂತಿದ್ದಾರಾ ಕುಣೀತಿದ್ದಾರಾ ಅನ್ನೋದು ಅವರ ಕಿಟಕಿಗೆ ಗೊತ್ತಾಗೋದಿಲ್ಲ. ಹೆಣ್ಣುಮಕ್ಕಳ ಶೋಷಣೆ, ಮಾನವ ಕಳ್ಳಸಾಗಣೆ ಅನ್ನುತ್ತೀರಾ? ಅದಕ್ಕೆ ಕಠಿಣ ಕಾನೂನುಗಳು ಬೇರೆಯೇ ಇವೆ, ಅವನ್ನು ಬಳಸಿ. ಡ್ರಗ್ಸ್‌ಗೂ ಹಾಗೇ. ಒಂದೊಂದು ಕಾಯಿಲೆಗೂ ಅದರದೇ ಔಷಧಿ ಇರುವಾಗ, ಎಲ್ಲದಕ್ಕೂ ಸೇರಿಸಿ ಕುಣಿತಕ್ಕೇ ಇಂಜೆಕ್ಷನ್ ಚುಚ್ಚೋದು ಯಾವ ವೈದ್ಯ ಸ್ವಾಮಿ?

ಹಾಗಾದರೆ ಏನು ಮಾಡಬೇಕು? ಬೈಯೋದು ಸುಲಭ ಅಂತ ನೀವು ಹೇಳುವ ಮುಂಚೆ ನನ್ನ ಪಟ್ಟಿ ಕೊಡ್ತೀನಿ.

ಮೊದಲನೆಯದು, ಕುಣಿತದ ಲೈಸೆನ್ಸನ್ನು ಪೊಲೀಸರ ಕೈಯಿಂದ ತೆಗೆಯಿರಿ. ಜನ ಸೇರುವ ಜಾಗ ಅನ್ನುವ ಒಂದೇ ವರ್ಗ ಸಾಕು. ಐವತ್ತು ಜನಕ್ಕಿಂತ ಜಾಸ್ತಿ ಸೇರುವ ಜಾಗವನ್ನು ಎನ್‌ಬಿಸಿ ಈಗಾಗಲೇ ಸಭಾ ಕಟ್ಟಡ ಅಂತ ಕರೆಯುತ್ತದೆ. ಕಲ್ಯಾಣಮಂಟಪ, ಪಬ್ಬು, ಸ್ಟ್ಯಾಂಡಪ್ ಕಾಮಿಡಿ ನಡೆಯುವ ಹಾಲ್, ಎಲ್ಲಕ್ಕೂ ಒಂದೇ ಅಳತೆ. ಎನ್‌ಬಿಸಿ ತಾನಾಗಿ ಕಾನೂನಲ್ಲ, ರಾಜ್ಯ ತನ್ನ ನಿಯಮದಲ್ಲಿ ಸೇರಿಸಿಕೊಂಡಷ್ಟೇ ಅದಕ್ಕೆ ಬಲ. ಆದ್ದರಿಂದ ಸೇರಿಸಿಕೊಳ್ಳಿ.

ಎರಡನೆಯದು, ಆ ಒಂದು ಮಹಡಿಗೆ ಅಂತ ಜೀವರಕ್ಷಣೆಯ ಪ್ರಮಾಣಪತ್ರ ಕೊಡಿ, ಓಸಿಯಿಂದ ಬಿಡಿಸಿ. ಇಲ್ಲಿ ಸಿಟ್ಟಾಗುವವರಿದ್ದೀರಿ ಅಂತ ಗೊತ್ತು, ಇದು ಹಿಂಬಾಗಿಲಿನ ಅಕ್ರಮ-ಸಕ್ರಮ ಅಂತ. ಅಲ್ಲ. ಕಟ್ಟಡದ ಮಾಲೀಕರು ನಕ್ಷೆ ಉಲ್ಲಂಘಿಸಿದ ಕೇಸು ಅದರ ಪಾಡಿಗೆ ನಡೆಯಲಿ, ದಂಡ ಬೀಳಲಿ, ಒಡೆಯಬೇಕಾದರೆ ಒಡೆಯಲಿ. ಆದರೆ ಆ ಕೇಸು ಮುಗಿಯುವ ಇಪ್ಪತ್ತು ವರ್ಷ ಆ ಮಹಡಿಯಲ್ಲಿ ಶನಿವಾರ ಶನಿವಾರ ಜನ ಇದ್ದೇ ಇರ್ತಾರೆ. ಅಲ್ಲಿಗೆ ಎರಡು ದಾರಿ ಇದೆಯಾ, ಬಾಗಿಲು ಹೊರಕ್ಕೆ ತೆರೆಯುತ್ತಾ, ಬೀಗದ ಕೈ ಇಲ್ಲದೆ ಒಳಗಿಂದ ತಳ್ಳಿದರೆ ತೆರೆಯುತ್ತಾ, ಗೋಡೆಯ ಫೋಮ್ ಹೊತ್ತಿಕೊಳ್ಳುವಂಥದ್ದಾ, ಇದನ್ನು ಇವತ್ತೇ ಹೋಗಿ ನೋಡಬಹುದು. ಸೆಟ್‌ಬ್ಯಾಕ್ ನುಂಗಿದ್ದರಿಂದ ಅಗ್ನಿಶಾಮಕ ವಾಹನ ಹತ್ತಿರ ಬರೋಕೇ ಆಗೋದಿಲ್ಲ ಅಂದರೆ, ಎರಡನೇ ಮೆಟ್ಟಿಲಿಗೆ ಜಾಗವೇ ಇಲ್ಲ ಅಂದರೆ, ಅಲ್ಲಿ ಜನ ಸೇರಿಸಬಾರದು. ಮುಚ್ಚಿ. ನಮ್ಮ ಇಷ್ಟದ ಜಾಗ ಆದರೂ ಮುಚ್ಚಿ. ರೂಫ್‌ಟಾಪ್‌ಗಳಲ್ಲಿ ಬಹಳಷ್ಟು ಹೋಗುತ್ತವೆ, ಹೋಗಲಿ.

ಮೂರನೆಯದು, ಆ ಸಂಖ್ಯೆಯನ್ನು ಬಾಗಿಲಲ್ಲಿ ಬರೆಯಿರಿ. ದೊಡ್ಡದಾಗಿ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ: ಈ ಮಹಡಿಯಲ್ಲಿ ಒಂದು ಸಲಕ್ಕೆ ಇಷ್ಟು ಜನ ಮಾತ್ರ. ಲಿಫ್ಟಿನಲ್ಲಿ ಇಷ್ಟು ಜನ, ಇಷ್ಟು ಕೆಜಿ ಅಂತ ಬರೆದಿರೋದಿಲ್ವಾ, ಹಾಗೆ. ಬೌನ್ಸರ್ ಕೈಗೆ ಎಣಿಸುವ ಕ್ಲಿಕ್ಕರ್ ಕೊಡಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಮುಂದೆ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತ ಮೇಲೂ ಜನ ಎಣಿಸೋದು ಯಾಕೆ ಮುಖ್ಯ ಅಂತ ಈ ಊರಿಗೆ ಪಾಠ ಮಾಡಬೇಕಾದರೆ ನಮ್ಮ ಕರ್ಮ.

ನಾಲ್ಕನೆಯದು, ತಪಾಸಣೆಯ ವರದಿ ಎಲ್ಲರಿಗೂ ಕಾಣುವ ಹಾಗಿರಲಿ. ಬಿಬಿಎಂಪಿ ಹೋಗಿ ಜಿಬಿಎ ಬಂತು, ಒಂದರ ಜಾಗದಲ್ಲಿ ಐದು ಪಾಲಿಕೆ ಆಯಿತು. ಐದರಲ್ಲಿ ಒಂದಾದರೂ ತನ್ನ ವ್ಯಾಪ್ತಿಯ ಜಾಗಗಳ ಪಟ್ಟಿ, ಜನದ ಮಿತಿ, ಕೊನೇ ತಪಾಸಣೆಯ ದಿನ, ಸಿಕ್ಕ ದೋಷಗಳನ್ನು ಆನ್‌ಲೈನ್ ಹಾಕಲಿ. ಶುಕ್ರವಾರ ಸಂಜೆ ರೇಟಿಂಗ್ ನೋಡಿ ಜಾಗ ಆರಿಸುವ ನಾವು ಅದನ್ನೂ ನೋಡ್ತೀವಿ. ಎಲ್ಲರಿಗೂ ಕಾಣುವ ಕಾಗದವನ್ನು ಮೇಜಿನ ಕೆಳಗೆ ಅಡ್ಜಸ್ಟ್ ಮಾಡೋದು ಸ್ವಲ್ಪ ಕಷ್ಟ.

ಐದನೆಯದು, ಕೆಲಸಗಾರರು. ಅಡುಗೆಮನೆಗೂ ಹೊರದಾರಿ ಇರಬೇಕು, ರಾತ್ರಿ ಯಾರನ್ನೂ ಒಳಗೆ ಮಲಗಿಸಿ ಬೀಗ ಹಾಕುವಂತಿಲ್ಲ, ಬೆಂಕಿ ಬಿದ್ದಾಗ ಏನು ಮಾಡಬೇಕು ಅಂತ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕಲಿಸಬೇಕು. ಮೊದಲು ಬಾಗಿಲು, ಆಮೇಲೆ ಬಿಲ್ಲು ಅಂತ ಬೌನ್ಸರಿಗೆ ಹೇಳಿರಬೇಕು.

ಇದಕ್ಕೆ ಖರ್ಚಾಗುತ್ತದೆ. ಎರಡನೇ ಮೆಟ್ಟಿಲು ಕಟ್ಟಿಸಿದವರು ಪಿಚ್ಚರ್ ಬೆಲೆ ಏರಿಸುತ್ತಾರೆ. 250 ಜನ ಹಿಡಿಯುತ್ತಿದ್ದ ಜಾಗಕ್ಕೆ 120 ಜನ ಅಂತ ಬೋರ್ಡು ಬಿದ್ದರೆ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಆಗ ನಾವು "ನಾನು ಯಾರು ಗೊತ್ತಾ" ಅನ್ನಬಾರದು, "ಇಬ್ಬರೇ ಅಲ್ವಾ, ಬಿಡಿ ಗುರೂ" ಅಂತ ಪೂಸಿ ಹೊಡೀಬಾರದು. ಕುಣಿಯುವ ಹಕ್ಕು ಕೇಳುವವರು ಕಾಯುವ ಸಂಯಮವನ್ನೂ ಕಲಿಯಬೇಕು. ಪೊಲೀಸರಿಗೆ ನೈತಿಕತೆಯ ನೆಪ, ಮಾಲೀಕರಿಗೆ ಓಸಿಯ ನೆಪ, ನಮಗೆ "ಏನೂ ಆಗಲ್ಲ ಬಿಡಿ" ಅನ್ನುವ ನೆಪ. ಮೂರೂ ನೆಪ ಸೇರಿ ಆ ಬಿಯರ್ ಕ್ರೇಟುಗಳನ್ನು ಬಾಗಿಲಿಗೆ ಒತ್ತಿ ಇಟ್ಟಿವೆ.

ಕಾನೂನು ಬದಲಾಗೋದಕ್ಕೆ ಟೈಮ್ ಹಿಡಿಯುತ್ತದೆ. ಅಲ್ಲೀವರೆಗೆ ಈ ಶನಿವಾರ ಒಂದು ಕೆಲಸ ಮಾಡಿ. ಒಳಗೆ ಹೋದ ಕೂಡಲೇ, ಮೆನು ತೆಗೆಯುವ ಮುಂಚೆ, ಮ್ಯಾನೇಜರ್‌ನ ಕರೆದು ಎರಡೇ ಪ್ರಶ್ನೆ ಕೇಳಿ: "ಈ ಫ್ಲೋರಿಗೆ ಎಷ್ಟು ಜನದ ಲಿಮಿಟ್? ಇನ್ನೊಂದು ಬಾಗಿಲು ಎಲ್ಲಿ?" ಉತ್ತರ ಕೊಟ್ಟರೆ ಎದ್ದು ಹೋಗಿ ಆ ಬಾಗಿಲನ್ನು ಒಂದು ಸಲ ತಳ್ಳಿ ನೋಡಿ. ತೆರೆದರೆ ವಾಪಸ್ ಬಂದು ಖುಷಿಯಾಗಿ ಕುಣಿಯಿರಿ. ತೆರೆಯದಿದ್ದರೆ ಗೆಳೆಯರನ್ನು ಎಬ್ಬಿಸಿಕೊಂಡು ಹೊರಡಿ, ಯಾಕೆ ಹೊರಟಿರಿ ಅಂತ ರಿವ್ಯೂನಲ್ಲಿ ಬರೆಯಿರಿ.